ಮೈನಸ್ ಇಪ್ಪತ್ತು ಬೈಟ್: ಓಪನ್‌ಎಸ್‌ಎಸ್‌ಎಲ್‌ನ ಸಿಬಿಸಿ ಕೋಡಿನಲ್ಲಿ ತೇಪೆಯೇ ತೂತಾದ ಪ್ರಕರಣ

ಅಂತರ್ಜಾಲ ಸಂಪರ್ಕಗಳನ್ನು ಎನ್‌ಕ್ರಿಪ್ಟ್ ಮಾಡುವ ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್‌ನ ತಂಡ 2016ರ ಮೇ 3ರಂದು 1.0.2ಎಚ್ ಮತ್ತು 1.0.1ಟಿ ಆವೃತ್ತಿಗಳನ್ನು ಬಿಡುಗಡೆ ಮಾಡಿತು. ಅವು ಸರಿಪಡಿಸಿದ ದೋಷಗಳಲ್ಲಿ ಸಿವಿಇ-2016-2107 ಒಂದು (ಸಿವಿಇ ಎಂದರೆ ಬಹಿರಂಗವಾದ ಭದ್ರತಾ ದೋಷಗಳಿಗೆ ಕೊಡುವ ಗುರುತು ಸಂಖ್ಯೆ). ಅದರ ತೀವ್ರತೆಯನ್ನು ತಂಡವೇ 'ಹೈ' ಎಂದು ಗುರುತಿಸಿತ್ತು. ಸರ್ವರ್‌ನ ಪ್ರೊಸೆಸರ್‌ನಲ್ಲಿ ಎಇಎಸ್ ಸೈಫರನ್ನು ವೇಗವಾಗಿ ಓಡಿಸುವ ಎಇಎಸ್-ಎನ್‌ಐ ಸೂಚನೆಗಳಿದ್ದು, ಸಂಪರ್ಕವು ಎಇಎಸ್-ಸಿಬಿಸಿ ಸೈಫರ್ ಬಳಸುತ್ತಿದ್ದರೆ, ನಡುವೆ ಕುಳಿತವನು ಸಂಚಾರದ ಭಾಗಗಳನ್ನು ಬಿಡಿಸಿ ಓದಬಹುದಿತ್ತು. ಈ ದೋಷ ಹುಟ್ಟಿದ್ದು 2013ರಲ್ಲಿ, 'ಲಕಿ ಥರ್ಟೀನ್' ಎಂಬ ಇನ್ನೊಂದು ಸಿಬಿಸಿ ದಾಳಿಯನ್ನು ತಡೆಯಲು ಹಾಕಿದ ತಿದ್ದುಪಡಿಯಿಂದಲೇ. ಮೂರು ವರ್ಷ ಯಾರ ಕಣ್ಣಿಗೂ ಬೀಳದ ಇದನ್ನು ಮುಚ್ಚಲು ಬೇಕಾದದ್ದು ಸಾರದಲ್ಲಿ ಒಂದೇ ಒಂದು ಸಾಲು.

ಬ್ಲಾಕ್ ಸೈಫರ್ ಮೋಡ್‌ಗಳ (ಡೇಟಾವನ್ನು ಸಮ ಗಾತ್ರದ ಬ್ಲಾಕ್‌ಗಳಾಗಿ ಎನ್‌ಕ್ರಿಪ್ಟ್ ಮಾಡುವ ಸಿಬಿಸಿಯಂಥ ವಿಧಾನಗಳ) ಬಗ್ಗೆ ಪಠ್ಯಪುಸ್ತಕದಲ್ಲಿ ಇರುವುದು ಎರಡು ಸಮೀಕರಣ. ಅವನ್ನು ಕೋಡ್ ಮಾಡುವುದು ಒಂದು ಮಧ್ಯಾಹ್ನದ ಕೆಲಸ. ಈ ಪ್ರಕರಣದಲ್ಲಿ ಆ ಎರಡು ಸಮೀಕರಣಗಳಲ್ಲಿ ಯಾವ ತಪ್ಪೂ ಇರಲಿಲ್ಲ. ಕೆಟ್ಟದ್ದೆಲ್ಲ ಡಿಕ್ರಿಪ್ಟ್ ಆದ ಬೈಟ್‌ಗಳನ್ನು ಮುಂದೆ ಹೇಗೆ ನಡೆಸಿಕೊಂಡರು ಎಂಬಲ್ಲಿ.

ರೆಕಾರ್ಡ್ ಕಟ್ಟುವ ಕ್ರಮ

ಸಿಬಿಸಿಯಲ್ಲಿ ಪ್ರತಿ ಮೂಲಪಠ್ಯ ಬ್ಲಾಕನ್ನು ಹಿಂದಿನ ಗೂಢ ಬ್ಲಾಕ್ ಜೊತೆ ಎಕ್ಸ್‌ಓರ್ ಮಾಡಿ (ಬಿಟ್‌ಗೆ ಬಿಟ್ ಹೋಲಿಸಿ, ಬೇರೆಯಾದರೆ 1, ಒಂದೇ ಆದರೆ 0) ಆಮೇಲೆ ಎನ್‌ಕ್ರಿಪ್ಟ್ ಮಾಡುತ್ತಾರೆ. ಮೊದಲ ಬ್ಲಾಕ್‌ಗೆ ಹಿಂದಿನದು ಇರುವುದಿಲ್ಲವಲ್ಲ, ಅದಕ್ಕೆ ಐವಿ ಎಂಬ ಆರಂಭದ ಬ್ಲಾಕ್. ಬಿಡಿಸುವಾಗ ತಿರುಗುಮುರುಗು: ಗೂಢ ಬ್ಲಾಕನ್ನು ಡಿಕ್ರಿಪ್ಟ್ ಮಾಡಿ, ಹಿಂದಿನ ಗೂಢ ಬ್ಲಾಕ್ ಜೊತೆ ಎಕ್ಸ್‌ಓರ್. ಎಇಎಸ್‌ನಲ್ಲಿ ಬ್ಲಾಕ್ ಎಂದರೆ 16 ಬೈಟ್, ಕೀ ಎಷ್ಟೇ ಉದ್ದವಿರಲಿ.

ಇದರ ಒಂದು ಪರಿಣಾಮ ಈ ಇಡೀ ಕಥೆಗೆ ಬೇಕು. ದಾರಿಯಲ್ಲಿ ಯಾರಾದರೂ ಒಂದು ಗೂಢ ಬ್ಲಾಕಿನ ಒಂದು ಬಿಟ್ ತಿರುಗಿಸಿದರೆ, ಆ ಬ್ಲಾಕಿನ ಮೂಲಪಠ್ಯ ಪೂರ್ತಿ ಕಲಸಿಹೋಗುತ್ತದೆ, ಆದರೆ ಮುಂದಿನ ಬ್ಲಾಕಿನ ಮೂಲಪಠ್ಯದಲ್ಲಿ ಸರಿಯಾಗಿ ಅದೇ ಸ್ಥಾನದ ಅದೇ ಬಿಟ್ ಮಾತ್ರ ತಿರುಗುತ್ತದೆ. ಬದಲಿಸಿದ್ದು ಐವಿ ಆದರೆ ಕಲಸುವುದಕ್ಕೆ ಏನೂ ಇಲ್ಲ. ಮೊದಲ ಬ್ಲಾಕ್ ಮಾತ್ರ ದಾಳಿಕೋರ ಬಯಸಿದಂತೆ ಬದಲಾಗುತ್ತದೆ. ಕೀ ಗೊತ್ತಿಲ್ಲದವನಿಗೂ ಮೂಲಪಠ್ಯದ ಮೇಲೆ ಇಷ್ಟು ಹಿಡಿತ ಸಿಗುತ್ತದೆ ಅಂದಮೇಲೆ ಡೇಟಾ ಬದಲಾಗಿಲ್ಲ ಎಂದು ಹೇಳಲು ಬೇರೊಂದು ಮುದ್ರೆ ಬೇಕೇ ಬೇಕು. ಎಚ್‌ಟಿಟಿಪಿಎಸ್‌ನ ಹಿಂದಿರುವ ಟಿಎಲ್‌ಎಸ್ ಪ್ರೋಟೋಕಾಲ್‌ನಲ್ಲಿ ಆ ಮುದ್ರೆ ಎಚ್‌ಮ್ಯಾಕ್, ಅಂದರೆ ಹ್ಯಾಶ್ ಮತ್ತು ಗುಟ್ಟಿನ ಕೀ ಸೇರಿಸಿ ಮಾಡುವ ಮ್ಯಾಕ್ (ಸಂದೇಶ ದೃಢೀಕರಣ ಸಂಕೇತ). ಎಸ್‌ಎಚ್‌ಎ-1 ಎಂಬ ಹ್ಯಾಶ್ ಬಳಸಿದರೆ ಅದು 20 ಬೈಟ್.

ಟಿಎಲ್‌ಎಸ್ ಡೇಟಾವನ್ನು ರೆಕಾರ್ಡ್ ಎಂಬ ಪೊಟ್ಟಣಗಳಲ್ಲಿ ಕಳಿಸುತ್ತದೆ. ತಕರಾರು ಇರುವುದು ಅದನ್ನು ಕಟ್ಟುವ ಕ್ರಮದಲ್ಲಿ. ಟಿಎಲ್‌ಎಸ್ ಮೊದಲು ಮೂಲಪಠ್ಯದ ಮೇಲೆ ಮ್ಯಾಕ್ ಲೆಕ್ಕ ಹಾಕಿ ಕೊನೆಗೆ ಅಂಟಿಸುತ್ತದೆ, ಆಮೇಲೆ 16ರ ಗುಣಕವಾಗುವಂತೆ ಪ್ಯಾಡಿಂಗ್ ಸೇರಿಸುತ್ತದೆ, ಆಮೇಲೆ ಎಲ್ಲವನ್ನೂ ಎನ್‌ಕ್ರಿಪ್ಟ್ ಮಾಡುತ್ತದೆ. ಹಾಗಾಗಿ ಪ್ಯಾಡಿಂಗ್‌ಗೆ ಮ್ಯಾಕ್‌ನ ರಕ್ಷಣೆಯೇ ಇಲ್ಲ. ಬಿಡಿಸುವವನು ಮೊದಲು ನಂಬಲರ್ಹವಲ್ಲದ ಕೊನೆಯ ಬೈಟನ್ನು ಓದಿ, ಅದರ ಮೇಲೆ ಪ್ಯಾಡಿಂಗ್ ಎಷ್ಟು ಎಂದು ತೀರ್ಮಾನಿಸಿ, ಆಮೇಲೆ ಮ್ಯಾಕ್ ಎಲ್ಲಿದೆ ಎಂದು ಹುಡುಕಬೇಕು. ಪ್ಯಾಡಿಂಗ್ ನಿಯಮ ಸರಳ: ಕೊನೆಯ ಬೈಟಿನ ಬೆಲೆ 3 ಇದ್ದರೆ ಅದರ ಹಿಂದಿನ ಮೂರು ಬೈಟ್‌ಗಳೂ 3 ಆಗಿರಬೇಕು, ಒಟ್ಟು ನಾಲ್ಕು. ಬೆಲೆ 0ಯಿಂದ 255ರವರೆಗೆ ಏನು ಬೇಕಾದರೂ ಇರಬಹುದು. ಟಿಎಲ್‌ಎಸ್‌ಗೂ ಹಿಂದಿನ ಎಸ್‌ಎಸ್‌ಎಲ್ 3.0ರಲ್ಲಿ ಕೊನೆಯ ಬೈಟ್ ಬಿಟ್ಟು ಉಳಿದವನ್ನು ನೋಡುವ ನಿಯಮವೇ ಇರಲಿಲ್ಲ. 2014ರ ಅಕ್ಟೋಬರ್‌ನಲ್ಲಿ ಗೂಗಲ್‌ನ ಮೂವರು ಪ್ರಕಟಿಸಿದ 'ಪೂಡಲ್' ದಾಳಿಗೆ ಅಷ್ಟೇ ಸಾಕಾಯಿತು.

ಸೋರಿಕೆಗೆ ಹತ್ತು ವರ್ಷದ ಇತಿಹಾಸ

2002ರಲ್ಲಿ ಕ್ರಿಪ್ಟೋಗ್ರಫಿ ಸಂಶೋಧಕ ಸರ್ಜ್ ವೋದನೆ ತೋರಿಸಿದ್ದು ಇಷ್ಟು. ಪ್ಯಾಡಿಂಗ್ ತಪ್ಪಿದೆಯೋ ಮ್ಯಾಕ್ ತಪ್ಪಿದೆಯೋ ಎಂಬ ಒಂದೇ ಬಿಟ್ ಮಾಹಿತಿ ಸರ್ವರ್‌ನಿಂದ ಸಿಕ್ಕರೂ ಸಾಕು, ಹಿಂದಿನ ಬ್ಲಾಕನ್ನು ತಿದ್ದಿ ತಿದ್ದಿ ಕಳಿಸುತ್ತ ಮೂಲಪಠ್ಯವನ್ನು ಬೈಟ್ ಬೈಟಾಗಿ ಹೊರಗೆಳೆಯಬಹುದು. ಒಂದು ಬೈಟಿಗೆ ಹೆಚ್ಚೆಂದರೆ 256 ಊಹೆ. ಟಿಎಲ್‌ಎಸ್‌ನಲ್ಲಿ ತಪ್ಪು ತಿಳಿಸುವ ಅಲರ್ಟ್ ಸಂದೇಶಗಳೂ ಎನ್‌ಕ್ರಿಪ್ಟ್ ಆಗಿರುತ್ತವೆ, ಹಾಗಾಗಿ ತೊಂದರೆಯಿಲ್ಲ ಎಂದುಕೊಂಡವರಿಗೆ 2003ರಲ್ಲಿ ಉತ್ತರ ಬಂತು. ಓಪನ್‌ಎಸ್‌ಎಸ್‌ಎಲ್ ಪ್ಯಾಡಿಂಗ್ ತಪ್ಪಿದ್ದರೆ ಮ್ಯಾಕ್ ಲೆಕ್ಕವನ್ನೇ ಹಾಕುತ್ತಿರಲಿಲ್ಲ, ಆದ್ದರಿಂದ ಉತ್ತರ ಬೇಗ ಬರುತ್ತಿತ್ತು. ಗಡಿಯಾರ ಹಿಡಿದರೆ ಒಳಗಿನದು ತಿಳಿಯುತ್ತಿತ್ತು. ಪ್ಯಾಡಿಂಗ್ ತಪ್ಪಿದ್ದರೂ ಶೂನ್ಯ ಪ್ಯಾಡಿಂಗ್ ಇದೆ ಎಂದು ಭಾವಿಸಿ ಮ್ಯಾಕ್ ಲೆಕ್ಕ ಹಾಕಿ, ಎರಡಕ್ಕೂ ಒಂದೇ ಅಲರ್ಟ್ ಕಳಿಸಿ ಎಂಬುದು ಪರಿಹಾರ. 2006ರ ಟಿಎಲ್‌ಎಸ್ 1.1 ಮತ್ತು 2008ರ ಟಿಎಲ್‌ಎಸ್ 1.2 ದಾಖಲೆಗಳು ಇದನ್ನೇ ಬರೆದುಕೊಂಡವು. ಹೀಗೆ ಮಾಡಿದರೂ ಒಂದು ಸಣ್ಣ ಸಮಯದ ವ್ಯತ್ಯಾಸ ಉಳಿಯುತ್ತದೆ, ಆದರೆ ಅದು ದುರುಪಯೋಗಕ್ಕೆ ಆಗುವಷ್ಟು ದೊಡ್ಡದೆಂದು ನಂಬಲಾಗಿಲ್ಲ ಎಂಬ ಮಾತೂ ಅಲ್ಲೇ ಇದೆ. ಮಾನದಂಡ ಬರೆದವರಿಗೆ ಸೋರಿಕೆ ಎಲ್ಲಿದೆ ಎಂದು ಸರಿಯಾಗಿಯೇ ಗೊತ್ತಿತ್ತು.

55 ಮತ್ತು 56ರ ನಡುವೆ

ಆ ಸಣ್ಣ ವ್ಯತ್ಯಾಸವನ್ನು ಅಳೆದು ತೋರಿಸಿದವರು ಸಂಶೋಧಕರಾದ ನದೀಮ್ ಅಲ್‌ಫರ್ದಾನ್ ಮತ್ತು ಕೆನ್ನಿ ಪ್ಯಾಟರ್ಸನ್, 2013ರ ಫೆಬ್ರವರಿಯಲ್ಲಿ. ಅವರ ಲೆಕ್ಕವನ್ನು ಕಾಗದದ ಮೇಲೆ ಒಮ್ಮೆ ಮಾಡಿ ನೋಡುವುದು ಒಳ್ಳೆಯದು, ಏಕೆಂದರೆ ಮುಂದಿನ ಎಲ್ಲ ಗೋಜಲಿಗೂ ಇದೇ ಮೂಲ.

ಎಸ್‌ಎಚ್‌ಎ-1 ಇನ್‌ಪುಟ್ ಅನ್ನು 64 ಬೈಟಿನ ತುಂಡುಗಳಾಗಿ ಅರೆಯುತ್ತದೆ. ಸಂದೇಶದ ಕೊನೆಗೆ 1 ಗುರುತು ಬೈಟ್ ಮತ್ತು 8 ಬೈಟಿನ ಉದ್ದ ಸೇರಬೇಕು. ಆದ್ದರಿಂದ ಒಂದು ತುಂಡಿನಲ್ಲಿ ಹಿಡಿಯುವುದು ಹೆಚ್ಚೆಂದರೆ 55 ಬೈಟ್ ಸಂದೇಶ. 56 ಆದರೆ ಎರಡು ತುಂಡು. ಎಚ್‌ಮ್ಯಾಕ್‌ನಲ್ಲಿ ಒಳಗಿನ ಕೀ ತುಂಡು ಒಂದು, ಹೊರಗಿನ ಹಂತಕ್ಕೆ ಎರಡು. ಒಟ್ಟು ಸಂದೇಶ 55 ಬೈಟಿನೊಳಗಿದ್ದರೆ 4 ಅರೆತ, 56ರಿಂದ 119ರವರೆಗೆ 5 ಅರೆತ.

ಟಿಎಲ್‌ಎಸ್‌ನಲ್ಲಿ ಮ್ಯಾಕ್‌ಗೆ ಹೋಗುವುದು ಡೇಟಾ ಮಾತ್ರವಲ್ಲ. ಅದರ ಮುಂದೆ 8 ಬೈಟಿನ ಕ್ರಮಸಂಖ್ಯೆ, 5 ಬೈಟಿನ ರೆಕಾರ್ಡ್ ಹೆಡರ್ ಇರುತ್ತವೆ. ಒಟ್ಟು 13. ಲಕಿ ಥರ್ಟೀನ್ ಎಂಬ ದಾಳಿಯ ಹೆಸರಿನಲ್ಲಿರುವ ಹದಿಮೂರು ಇದೇ. ಈಗ ಐವಿ ಬಿಟ್ಟು 64 ಬೈಟಿನ ಒಂದು ರೆಕಾರ್ಡ್ ಸರ್ವರ್‌ಗೆ ಬಂದಿದೆ ಎನ್ನಿ. ಪ್ಯಾಡಿಂಗ್ ಕೆಟ್ಟಿದ್ದರೆ ಶೂನ್ಯ ಎಂದು ಹಿಡಿದು 64ರಲ್ಲಿ 20 ಕಳೆದು 44, ಅದಕ್ಕೆ 13 ಸೇರಿ 57. ಐದು ಅರೆತ. ಪ್ಯಾಡಿಂಗ್ ಸರಿಯಿದ್ದು ಒಂದೇ ಬೈಟ್ ಇದ್ದರೆ 43ಕ್ಕೆ 13 ಸೇರಿ 56. ಆಗಲೂ ಐದು. ಪ್ಯಾಡಿಂಗ್ ಎರಡು ಬೈಟ್ ಅಥವಾ ಹೆಚ್ಚಿದ್ದರೆ 42ಕ್ಕೆ 13 ಸೇರಿ 55, ಅಥವಾ ಅದಕ್ಕಿಂತ ಕಡಿಮೆ. ನಾಲ್ಕೇ ಅರೆತ. ಕೊನೆಯ ಎರಡು ಬೈಟ್‌ಗಳು 1, 1 ಆಗಿ ಕೂತ ಕ್ಷಣ ಸರ್ವರ್ ಒಂದು ಅರೆತದಷ್ಟು ಬೇಗ ಉತ್ತರ ಕೊಡುತ್ತದೆ. ಮುದ್ರೆ 20 ಬೈಟ್ ಬದಲು 12 ಆಗಿದ್ದರೆ, ಅಥವಾ ಆ 13 ಎಂಬುದು 10 ಆಗಿದ್ದರೆ, ಲೆಕ್ಕ ಇಷ್ಟು ಅಚ್ಚುಕಟ್ಟಾಗಿ ಗಡಿಯ ಮೇಲೆ ಬಂದು ಕೂರುತ್ತಿರಲಿಲ್ಲ.

ವ್ಯತ್ಯಾಸ ಒಂದು ಮೈಕ್ರೋಸೆಕೆಂಡಿಗೂ ಕಡಿಮೆ. ಸರ್ವರ್ ಇರುವ ಅದೇ ಸ್ಥಳೀಯ ಜಾಲದಲ್ಲಿ ದಾಳಿಕೋರನಿದ್ದು, ಪ್ರತಿ ಪ್ರಯತ್ನವನ್ನೂ ಹಲವು ಸಲ ಅಳೆದು ಸರಾಸರಿ ತೆಗೆಯಬೇಕು. ಪ್ರತಿ ತಪ್ಪಿಗೂ ಟಿಎಲ್‌ಎಸ್ ಸೆಷನ್ ಮುರಿಯುವುದರಿಂದ, ಒಂದು ಬ್ಲಾಕ್ ಪೂರ್ತಿ ತೆಗೆಯಲು ಸುಮಾರು ಎರಡರ 23ನೇ ಘಾತದಷ್ಟು, ಎಂದರೆ 80 ಲಕ್ಷ ಮೀರಿದ ಸೆಷನ್ ಬೇಕು ಎಂದು ಅವರೇ ಹೇಳಿದ್ದರು. ಬ್ಲಾಕಿನ ಕೊನೆಯ ಎರಡು ಬೈಟ್‌ಗಳಲ್ಲಿ ಒಂದು ಮೊದಲೇ ಗೊತ್ತಿದ್ದರೆ ಬೈಟಿಗೆ ಎರಡರ 13ನೇ ಘಾತಕ್ಕೆ, ಸುಮಾರು 8,000ಕ್ಕೆ ಇಳಿಯುತ್ತದೆ. ಬ್ರೌಸರ್‌ನಲ್ಲಿ ಓಡುವ ಸ್ಕ್ರಿಪ್ಟ್ ಒಂದೇ ಕುಕಿಯನ್ನು ಮತ್ತೆ ಮತ್ತೆ ಕಳಿಸುವಂತೆ ಮಾಡಬಹುದಾದ್ದರಿಂದ ಇದು ಬರೀ ಕಾಗದದ ದಾಳಿ ಅಲ್ಲ.

ಆಗ ಸಿಬಿಸಿಯನ್ನೇ ಕೈಬಿಡಬಹುದಿತ್ತಲ್ಲ ಎಂದು ಈಗ ಕೇಳುವುದು ಸುಲಭ. 2011ರ 'ಬೀಸ್ಟ್' ದಾಳಿಯ ನಂತರ ಬಹಳ ಸೈಟ್‌ಗಳು ಸಿಬಿಸಿ ಬಿಟ್ಟು ಆರ್‌ಸಿ4 ಎಂಬ ಬೇರೆ ಸೈಫರ್ ಕಡೆ ಹೋಗಿದ್ದವು. 2013ರ ಮಾರ್ಚ್‌ನಲ್ಲಿ ಆರ್‌ಸಿ4 ಹೊರಡಿಸುವ ಕೀಸ್ಟ್ರೀಮ್ ಬೈಟ್‌ಗಳು ಪೂರ್ತಿ ಯಾದೃಚ್ಛಿಕವಲ್ಲ ಎಂಬುದನ್ನೂ ಪ್ಯಾಟರ್ಸನ್ ಇದ್ದ ತಂಡವೇ ಬಯಲು ಮಾಡಿತು. ದೃಢೀಕರಣವನ್ನೂ ಒಳಗೊಂಡ ಜಿಸಿಎಂ ಮೋಡ್‌ಗೆ ಟಿಎಲ್‌ಎಸ್ 1.2 ಬೇಕು, ಅದು ಆಗ ಎಲ್ಲ ಬ್ರೌಸರ್‌ಗಳಲ್ಲಿ ಇರಲಿಲ್ಲ. ಹೀಗಾಗಿ ಸಿಬಿಸಿಯನ್ನು ಇಟ್ಟುಕೊಂಡೇ ರಿಪೇರಿ ಮಾಡಬೇಕಾಯಿತು.

2013ರ ರಿಪೇರಿ

ಯಾದೃಚ್ಛಿಕ ವಿಳಂಬ ಸೇರಿಸುವುದು ಮೊದಲು ಹೊಳೆಯುವ ಉಪಾಯ, ಮತ್ತು ಕೆಲಸಕ್ಕೆ ಬಾರದ ಉಪಾಯ. ಗದ್ದಲವನ್ನು ಸರಾಸರಿ ತೆಗೆದು ತೊಳೆಯಬಹುದು. ಅಮೆಜಾನ್‌ನ ಎಸ್2ಎನ್ ಲೈಬ್ರರಿ 2015ರಲ್ಲಿ ಹೊರಬಂದಾಗ ಸಮ ಸಮಯದ (ಇನ್‌ಪುಟ್ ಏನೇ ಇದ್ದರೂ ಅಷ್ಟೇ ಸಮಯ ತೆಗೆದುಕೊಳ್ಳುವ) ಕೋಡಿನ ಮೇಲೆ ಇಂಥ ವಿಳಂಬವನ್ನೂ ಇಟ್ಟಿತ್ತು. ಮಾರ್ಟಿನ್ ಆಲ್ಬ್ರೆಕ್ಟ್ ಮತ್ತು ಪ್ಯಾಟರ್ಸನ್ ಎರಡರಲ್ಲೂ ಕೊರತೆ ತೋರಿಸಿದರು.

ಓಪನ್‌ಎಸ್‌ಎಸ್‌ಎಲ್‌ಗೆ ಗೂಗಲ್‌ನ ಆಡಂ ಲ್ಯಾಂಗ್ಲಿ ಬರೆದದ್ದು ನಿಜವಾದ ಸಮ ಸಮಯದ ಕೋಡ್. ಪ್ಯಾಡಿಂಗ್ ಎಷ್ಟೇ ಇರಲಿ, ನಡೆಯುವ ಸೂಚನೆಗಳ ಸರಣಿ ಮತ್ತು ಓದುವ ಮೆಮೊರಿ ವಿಳಾಸ ಎರಡೂ ಬದಲಾಗಬಾರದು. ಇದಕ್ಕಾಗಿ 'ಇದ್ದರೆ', 'ಇಲ್ಲದಿದ್ದರೆ' ಎಂಬ ಕವಲುಗಳ ಜಾಗದಲ್ಲಿ ಮಾಸ್ಕ್ ಬರುತ್ತದೆ. ಹೋಲಿಕೆ ನಿಜವಾದರೆ ಎಲ್ಲ ಬಿಟ್ 1 ಇರುವ ಸಂಖ್ಯೆ, ಸುಳ್ಳಾದರೆ 0. ಎರಡೂ ದಾರಿಯ ಫಲಿತಾಂಶ ಲೆಕ್ಕ ಹಾಕಿ, ಮಾಸ್ಕ್ ಜೊತೆ ಆಂಡ್ ಮಾಡಿ ಬೇಕಾದದ್ದನ್ನು ಉಳಿಸಿಕೊಳ್ಳುವುದು. ಪ್ಯಾಡಿಂಗ್ ಪರೀಕ್ಷೆಗೆ ಯಾವಾಗಲೂ ಕೊನೆಯ 256 ಬೈಟ್ ನೋಡಬೇಕು, ರೆಕಾರ್ಡ್ ಅದಕ್ಕಿಂತ ಚಿಕ್ಕದಿದ್ದರೆ ಮಾತ್ರ ಕಡಿಮೆ. ಎಚ್‌ಮ್ಯಾಕ್‌ನ ಕೊನೆಯ 6 ತುಂಡುಗಳನ್ನು ಯಾವಾಗಲೂ ಅರೆದು, ಪ್ರತಿ ತುಂಡಿನ ನಂತರ ಬರುವ ಡೈಜೆಸ್ಟ್‌ಗಳಲ್ಲಿ (ಹ್ಯಾಶ್ ಫಲಿತಾಂಶಗಳಲ್ಲಿ) ಸರಿಯಾದದ್ದನ್ನು ಮಾಸ್ಕ್ ಮೂಲಕ ಎತ್ತಿಕೊಳ್ಳಬೇಕು. ರೆಕಾರ್ಡ್‌ನೊಳಗಿನ ಮ್ಯಾಕನ್ನು ಕಾಪಿ ಮಾಡುವಾಗಲೂ ಎಲ್ಲಿಂದ ಶುರು ಎಂಬುದು ಗುಟ್ಟೇ. ಆದ್ದರಿಂದ ಇಡೀ ಪ್ರದೇಶವನ್ನು ಓದಿ, ತಿರುಗಿಕೊಂಡ ರೂಪದಲ್ಲಿ ಒಂದು ಬಫರ್‌ಗೆ ಹಾಕಿ, ಆಮೇಲೆ ನೇರ ಮಾಡಬೇಕು.

ಆ ತಿರುಗಿಸುವ ಜಾಗದಲ್ಲಿ ಒಂದು ಶೇಷದ ಲೆಕ್ಕವಿದೆ. ಇಂಟೆಲ್ ಪ್ರೊಸೆಸರ್‌ಗಳಲ್ಲಿ ಭಾಗಾಕಾರದ ಸಮಯ ಭಾಜ್ಯದ ಗಾತ್ರದ ಮೇಲೆ ಬದಲಾಗುತ್ತದೆ. ಅದಕ್ಕೆಂದು ಭಾಜ್ಯಕ್ಕೆ ಮೇಲಿನ ಬಿಟ್‌ಗಳಲ್ಲಿ ಒಂದು ದೊಡ್ಡ ಗುಣಕವನ್ನು ಬೇಕೆಂದೇ ಸೇರಿಸಿ, ಕಂಪೈಲರ್ ಅದನ್ನು ಅನಗತ್ಯವೆಂದು ತೆಗೆದುಹಾಕದಂತೆ ಇನ್ನೊಂದು ಕಸರತ್ತು ಮಾಡಿದ್ದರು. ಕೂಡಿಸಿ ಕಳೆಯುವ ಕೋಡಿಗೆ ಇಷ್ಟೊಂದು ಟಿಪ್ಪಣಿ ಏಕೆ ಎಂದು ಕೇಳುವವರು ಇಂಥ ಜಾಗ ನೋಡಬೇಕು.

ಫೆಬ್ರವರಿ 5ರಂದು 1.0.1ಡಿ ಬಂತು. ಆರೇ ದಿನಕ್ಕೆ, 11ರಂದು, 1.0.1ಇ ಬಂತು. ಮೊದಲ ತಿದ್ದುಪಡಿ ಎಇಎಸ್-ಎನ್‌ಐ ಇರುವ ಯಂತ್ರಗಳಲ್ಲಿ, ಮತ್ತು ಚಿಕ್ಕ ರೆಕಾರ್ಡ್‌ಗಳಲ್ಲಿ, ಸರಿಯಾಗಿ ಕೆಲಸ ಮಾಡಿರಲಿಲ್ಲ. ಈ ಎರಡು ಪದಗಳನ್ನು ನೆನಪಿಡಿ: ಎಇಎಸ್-ಎನ್‌ಐ, ಚಿಕ್ಕ ರೆಕಾರ್ಡ್.

ಎರಡನೇ ದಾರಿ

ಸಿಬಿಸಿ ಎನ್‌ಕ್ರಿಪ್ಷನ್‌ನಲ್ಲಿ ಪ್ರತಿ ಬ್ಲಾಕ್ ಹಿಂದಿನದಕ್ಕೆ ಕಾಯಬೇಕು. 2010ರಿಂದ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಬಂದ ಎಇಎಸ್-ಎನ್‌ಐ ಸೂಚನೆಗಳು ಎಷ್ಟೇ ವೇಗವಾಗಿದ್ದರೂ, ಈ ಕಾಯುವಿಕೆಯಲ್ಲಿ ಪ್ರೊಸೆಸರ್‌ನ ಉಳಿದ ಘಟಕಗಳು ಖಾಲಿ ಕೂತಿರುತ್ತವೆ. ಆ ಖಾಲಿ ಸಮಯದಲ್ಲಿ ಎಸ್‌ಎಚ್‌ಎ-1 ಅರೆಸಿದರೆ ಮ್ಯಾಕ್ ಬಹುಪಾಲು ಪುಕ್ಕಟೆ ಸಿಕ್ಕಂತೆ. 2012ರ ಮಾರ್ಚ್‌ನ ಓಪನ್‌ಎಸ್‌ಎಸ್‌ಎಲ್ 1.0.1ರಲ್ಲಿ ಹೀಗೆ ಎಇಎಸ್-ಸಿಬಿಸಿಯನ್ನೂ ಎಚ್‌ಮ್ಯಾಕನ್ನೂ ಒಟ್ಟಿಗೆ ಹೊಲಿದ ಕೋಡ್ ಬಂತು. ವೇಗಕ್ಕೆ ಇದು ಒಳ್ಳೆಯ ಕೆಲಸವೇ. ಆದರೆ ಇದರಿಂದ ಪ್ಯಾಡಿಂಗ್ ಮತ್ತು ಮ್ಯಾಕ್ ಪರೀಕ್ಷೆ ಸಾಮಾನ್ಯ ದಾರಿಯ ಫೈಲಿನಲ್ಲಿ ಒಂದು, ಹೊಲಿದ ಸೈಫರ್‌ನ ಫೈಲಿನಲ್ಲಿ ಇನ್ನೊಂದು ಎಂದು ಎರಡು ಕಡೆ ಆಯಿತು. ಒಂದೇ ನಿಯಮ, ಎರಡು ಕೈಬರಹ. ಉತ್ಪಾದನೆಯಲ್ಲಿರುವ ಸರ್ವರ್‌ಗಳಲ್ಲಿ ಓಡುತ್ತಿದ್ದುದು ಬಹುತೇಕ ಎರಡನೆಯದೇ.

32 ಬೈಟಿನ ರೆಕಾರ್ಡ್ ಒಂದನ್ನು ಹಿಂಬಾಲಿಸಿದರೆ

ಹೊಲಿದ ಕೋಡ್ ಡಿಕ್ರಿಪ್ಟ್ ಮುಗಿಸಿ, ಕೊನೆಯ ಬೈಟನ್ನು ಪ್ಯಾಡಿಂಗ್ ಬೆಲೆ ಎಂದು ಓದುತ್ತದೆ. ಪ್ಯಾಡಿಂಗ್ ಗರಿಷ್ಠ ಎಷ್ಟಿರಬಹುದು ಎಂಬುದನ್ನು ರೆಕಾರ್ಡ್ ಉದ್ದದಿಂದ 21 ಕಳೆದು, ಅಂದರೆ 20 ಬೈಟ್ ಮ್ಯಾಕ್ ಮತ್ತು 1 ಉದ್ದದ ಬೈಟ್ ಕಳೆದು, 255ಕ್ಕೆ ಮಿತಿಗೊಳಿಸಿ ಲೆಕ್ಕ ಹಾಕುತ್ತದೆ. ನಂತರ ನಿಜವಾದ ಡೇಟಾ ಉದ್ದ: ರೆಕಾರ್ಡ್ ಉದ್ದದಿಂದ 20, ಪ್ಯಾಡಿಂಗ್ ಬೆಲೆ, 1 ಮೂರನ್ನೂ ಕಳೆದದ್ದು.

ಐವಿ ಬಿಟ್ಟು 32 ಬೈಟಿನ ರೆಕಾರ್ಡ್ ತೆಗೆದುಕೊಳ್ಳಿ. ಗರಿಷ್ಠ ಪ್ಯಾಡಿಂಗ್ ಬೆಲೆ 11. ಈಗ 32 ಬೈಟ್‌ಗಳೂ 31 ಎಂಬ ಬೆಲೆಯವೇ ಆಗಿವೆ ಎನ್ನಿ. ಪ್ಯಾಡಿಂಗ್ ನಿಯಮಕ್ಕೆ ಇದು ಸರಿಹೊಂದುತ್ತದೆ: ಕೊನೆಯದು 31, ಹಿಂದಿನ 31 ಬೈಟ್‌ಗಳೂ 31. ಆದರೆ ಮ್ಯಾಕ್‌ಗೆ ಜಾಗವೇ ಇಲ್ಲ. ಡೇಟಾ ಉದ್ದ 32 − 20 − 31 − 1, ಅಂದರೆ ಮೈನಸ್ 20.

ಇದನ್ನು ಹಿಡಿಯಬೇಕಾದ ಮಾಸ್ಕ್ ಕೋಡಿನಲ್ಲಿ ಇತ್ತು. ಡೇಟಾ ಉದ್ದದಿಂದ ರೆಕಾರ್ಡ್ ಉದ್ದವನ್ನು ಕಳೆದು, ಮೇಲಿನ ಬಿಟ್ ತೆಗೆದು, ಅದರಿಂದ ಮಾಸ್ಕ್ ಮಾಡುತ್ತಿತ್ತು. ಉದ್ದೇಶ ಅರ್ಥವಾಗುತ್ತದೆ: ಚಿಹ್ನೆಯಿಲ್ಲದ ಸಂಖ್ಯೆ ಸೊನ್ನೆಯ ಕೆಳಗೆ ಇಳಿದರೆ ಸುತ್ತಿ ಭಾರೀ ದೊಡ್ಡದಾಗುತ್ತದೆ, ರೆಕಾರ್ಡ್ ಉದ್ದವನ್ನು ಮೀರುತ್ತದೆ, ಅದು ಗೊತ್ತಾಗಬೇಕು. ಈಗ ಬೀಜಗಣಿತ ಮಾಡಿ ನೋಡಿ. ಡೇಟಾ ಉದ್ದವೆಂದರೆ ರೆಕಾರ್ಡ್ ಉದ್ದ ಕಳೆ (21 ಮತ್ತು ಪ್ಯಾಡಿಂಗ್). ಅದರಿಂದ ಮತ್ತೆ ರೆಕಾರ್ಡ್ ಉದ್ದ ಕಳೆದರೆ ಉಳಿಯುವುದು ಮೈನಸ್ (21 ಮತ್ತು ಪ್ಯಾಡಿಂಗ್) ಅಷ್ಟೇ. ರೆಕಾರ್ಡ್ ಉದ್ದ ಸಮೀಕರಣದಿಂದಲೇ ಹಾರಿಹೋಯಿತು. ಪ್ಯಾಡಿಂಗ್ 0 ಇದ್ದರೂ 255 ಇದ್ದರೂ ಫಲಿತಾಂಶ ಋಣ, ಮೇಲಿನ ಬಿಟ್ 1, ಮಾಸ್ಕ್ ಪೂರ್ತಿ ಒಂದುಗಳು. ಸರಿಯಾದ ರೆಕಾರ್ಡ್‌ಗೂ 'ಸರಿ', ಮೈನಸ್ 20ಕ್ಕೂ 'ಸರಿ'. ಸಾಧಾರಣ ಕವಲು ಬರೆದಿದ್ದರೆ 'ಪ್ಯಾಡಿಂಗ್ 11 ಮೀರಿದರೆ ತಿರಸ್ಕರಿಸು' ಎಂದು ಯಾರು ಬೇಕಾದರೂ ಓದಿ ತಿಳಿಯುತ್ತಿದ್ದ ಸಾಲು, ಮಾಸ್ಕ್ ಆದಮೇಲೆ ಓದುವವರ ಕಣ್ಣಿಗೆ ಸಮಂಜಸವಾಗಿಯೇ ಕಾಣುತ್ತಿತ್ತು.

ಮುಂದಿನ ಹೆಜ್ಜೆ ಇನ್ನೂ ಸ್ವಾರಸ್ಯ. ಕೊನೆಯ ಬೈಟ್ ಬಿಟ್ಟು, ಅದರ ಹಿಂದಿನ 11 + 20 = 31 ಬೈಟ್‌ಗಳ ಮೇಲೆ ಒಂದು ಲೂಪ್ ಓಡುತ್ತದೆ. ಪ್ರತಿ ಬೈಟಿಗೂ ಸ್ಥಾನ ನೋಡಿ, ಅದು ಮ್ಯಾಕ್ ಪ್ರದೇಶದಲ್ಲಿದ್ದರೆ ಮ್ಯಾಕ್ ಜೊತೆ, ಪ್ಯಾಡಿಂಗ್ ಪ್ರದೇಶದಲ್ಲಿದ್ದರೆ ಪ್ಯಾಡಿಂಗ್ ಬೆಲೆ ಜೊತೆ ಹೋಲಿಸುತ್ತದೆ. ಮ್ಯಾಕ್ ಪ್ರದೇಶ ಮೈನಸ್ 20ರಿಂದ ಶುರುವಾಗಿ 20 ಬೈಟ್ ಸಾಗಿ, ಸರಿಯಾಗಿ ಸೊನ್ನೆಯಲ್ಲಿ ಮುಗಿಯುತ್ತದೆ. ಲೂಪ್ ಶುರುವಾಗುವುದೇ ಸೊನ್ನೆಯಿಂದ. ಹಾಗಾಗಿ 31 ಬೈಟ್‌ಗಳಲ್ಲಿ ಒಂದೂ ಮ್ಯಾಕ್ ಪ್ರದೇಶಕ್ಕೆ ಸೇರುವುದಿಲ್ಲ. ಎಲ್ಲವೂ 31 ಎಂಬ ಬೆಲೆಯೊಂದಿಗೆ ಹೋಲಿಕೆಯಾಗಿ, ಎಲ್ಲವೂ ಹೊಂದಿ, ಪರೀಕ್ಷೆ ಪಾಸ್. ಮ್ಯಾಕ್‌ನ ಒಂದೇ ಒಂದು ಬೈಟನ್ನೂ ನೋಡದೆ ಮ್ಯಾಕ್ ಸರಿಯಿದೆ ಎಂಬ ತೀರ್ಪು. ಪ್ಯಾಡಿಂಗ್ ಬೆಲೆ 15 ಆಗಿದ್ದರೆ ಮ್ಯಾಕ್ ಪ್ರದೇಶದ 16 ಬೈಟ್ ಲೂಪಿನೊಳಗೆ ಬಿದ್ದು ಪರೀಕ್ಷೆ ಸೋಲುತ್ತಿತ್ತು. ಎರಡು ಬ್ಲಾಕಿನ ರೆಕಾರ್ಡ್‌ನಲ್ಲಿ 31 ಮುಟ್ಟಿದಾಗಲೇ ಈ ಬಾಗಿಲು ತೆರೆಯುವುದು.

ಇಲ್ಲಿಂದ ಹೊರಬಂದ ಅಸಂಬದ್ಧ ಉದ್ದವನ್ನು ಮೇಲಿನ ಪದರ ಹಿಡಿಯುತ್ತದೆ. ರೆಕಾರ್ಡ್ ಮಿತಿ ಮೀರಿತು ಎಂದು 22ನೇ ಸಂಖ್ಯೆಯ ಅಲರ್ಟ್ ಹೋಗುತ್ತದೆ. ಉಳಿದೆಲ್ಲ ಸಂದರ್ಭದಲ್ಲೂ ಹೋಗುವುದು 20ನೆಯದು, ಮ್ಯಾಕ್ ತಪ್ಪು. 2002ರಲ್ಲಿ ಬೇಕಿದ್ದ ಆ ಒಂದು ಬಿಟ್ ಮತ್ತೆ ಸಿಕ್ಕಿತು, ಅದೂ ಸ್ಟಾಪ್‌ವಾಚ್ ಇಲ್ಲದೆ. ಲಕಿ ಥರ್ಟೀನ್‌ಗೆ ಬೇಕಿದ್ದ ಅಂಕಿಅಂಶದ ಕಸರತ್ತು ಇಲ್ಲಿ ಬೇಕಿರಲಿಲ್ಲ.

ದಾಳಿಗೆ ಕೆಲವು ಮಿತಿಗಳಿದ್ದವು. 32 ಬೈಟ್ ಪೂರ್ತಿ 31 ಆಗಬೇಕು. ಎರಡನೇ ಬ್ಲಾಕನ್ನು ತಿದ್ದಬೇಕೆಂದರೆ ಮೊದಲ ಗೂಢ ಬ್ಲಾಕನ್ನು ಮುಟ್ಟಬೇಕು, ಮುಟ್ಟಿದರೆ ಮೊದಲ ಬ್ಲಾಕ್ ಕಲಸುತ್ತದೆ. ಆದ್ದರಿಂದ ಎರಡನೇ ಬ್ಲಾಕ್ ಮೂಲದಲ್ಲೇ 16 ಬೈಟ್ 31 ಆಗಿರಬೇಕು. ಬ್ರೌಸರ್ ಸ್ಕ್ರಿಪ್ಟ್‌ನಿಂದ ಎಚ್‌ಟಿಟಿಪಿ ಪೋಸ್ಟ್ ವಿನಂತಿಯ ಬಾಡಿಯಲ್ಲಿ ಅದನ್ನು ಇಡಬಹುದು. ಮೊದಲ ಬ್ಲಾಕನ್ನು ಐವಿ ಬದಲಿಸಿ ಹೊಂದಿಸಬಹುದು, ಅದರ 15 ಬೈಟ್ ಗೊತ್ತಿದ್ದು ಒಂದು ಮಾತ್ರ ಗುಟ್ಟಾಗಿದ್ದರೆ 256 ಊಹೆಯೊಳಗೆ ಅದು ಸಿಗುತ್ತದೆ. ವಿನಂತಿಯ ಬಾಡಿಯ ಪಕ್ಕಕ್ಕೆ ಅಂಟಿಕೊಂಡಿರುವ ಬೈಟ್‌ಗಳನ್ನು ಹೀಗೆ ತೆಗೆಯಬಹುದೇ ಹೊರತು ಇಡೀ ಸಂಚಾರವನ್ನಲ್ಲ. ಅಲರ್ಟ್ ಸಹ ಬಯಲಾಗಿ ಹೋಗುವುದು ಸರ್ವರ್ ತನ್ನ ಕಡೆಯ ಎನ್‌ಕ್ರಿಪ್ಷನ್ ಶುರುಮಾಡುವ ಮುನ್ನ ಮಾತ್ರ. ಇಷ್ಟಾದರೂ 'ಹೈ' ಎಂದದ್ದು ಸರಿಯೇ ಅನ್ನಿಸುತ್ತದೆ: ಮ್ಯಾಕ್ ನೋಡದೆ ಪಾಸ್ ಮಾಡುವ ಪರೀಕ್ಷೆಯನ್ನು 'ಮಧ್ಯಮ' ಎಂದು ಕರೆಯಲಾಗದು.

ತಿದ್ದುಪಡಿ ಸಾಲು ಬರೆದವರು ಓಪನ್‌ಎಸ್‌ಎಸ್‌ಎಲ್ ತಂಡದ ಕರ್ಟ್ ರೂಕ್ಸ್. ಗರಿಷ್ಠ ಪ್ಯಾಡಿಂಗ್ ಬೆಲೆ ಬಂದ ಪ್ಯಾಡಿಂಗ್ ಬೆಲೆಗಿಂತ ದೊಡ್ಡದೋ ಸಮವೋ ಎಂದು ಸಮ ಸಮಯದಲ್ಲಿ ಹೋಲಿಸಿ, ಫಲಿತಾಂಶವನ್ನು ಒಟ್ಟು ತೀರ್ಪಿಗೆ ಆಂಡ್ ಮಾಡುವುದು. 11 ಮತ್ತು 31 ಕೊಟ್ಟರೆ 0 ಬರುತ್ತದೆ, ತೀರ್ಪು ಸೊನ್ನೆಯಾಗುತ್ತದೆ, ಆದರೂ ಉಳಿದ ಲೆಕ್ಕವೆಲ್ಲ ಹಾಗೆಯೇ ಕೊನೆಯವರೆಗೂ ಓಡುತ್ತದೆ. ನಡುವೆ ನಿಲ್ಲಿಸಿದರೆ ಮತ್ತೆ ಲಕಿ ಥರ್ಟೀನ್.

ಏಕೆ ಸಿಕ್ಕಿಬೀಳಲಿಲ್ಲ

ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿಯ 800-38ಎ ದಾಖಲೆಯ ಪರೀಕ್ಷಾ ವೆಕ್ಟರ್‌ಗಳು (ಉತ್ತರ ಗೊತ್ತಿರುವ ಮಾದರಿಗಳು) ಈ ಕೋಡಿನಲ್ಲಿ ಪಾಸಾಗುತ್ತವೆ. ಎನ್‌ಕ್ರಿಪ್ಟ್ ಮಾಡಿ ಮರಳಿ ಡಿಕ್ರಿಪ್ಟ್ ಮಾಡುವ ಪರೀಕ್ಷೆಯೂ ಪಾಸು. ಬೇರೆ ಲೈಬ್ರರಿಗಳ ಜೊತೆ ಮಾತಾಡಿಸಿದರೂ ಪಾಸು, ಏಕೆಂದರೆ ಪ್ರಾಮಾಣಿಕ ಕ್ಲೈಂಟ್ ಯಾರೂ ಮ್ಯಾಕ್ ಇಲ್ಲದ ರೆಕಾರ್ಡ್ ಕಳಿಸುವುದಿಲ್ಲ. ಗುಟ್ಟಿನ ಡೇಟಾ ಮೇಲೆ ಕವಲು ಇದೆಯೇ ಎಂದು ವ್ಯಾಲ್‌ಗ್ರೈಂಡ್ ಬಳಸಿ ಹುಡುಕುವ ಉಪಕರಣಗಳೂ ದೂರುವುದಿಲ್ಲ. ಕೋಡ್ ನಿಜಕ್ಕೂ ಸಮ ಸಮಯದ್ದೇ, ತಪ್ಪು ಉತ್ತರವನ್ನು ಸಮ ಸಮಯದಲ್ಲಿ ಕೊಡುತ್ತಿತ್ತು. ಕಂಡುಹಿಡಿದದ್ದು ಸಂಶೋಧಕ ಯುರಾಯ್ ಸೊಮೊರೋವ್‌ಸ್ಕಿ, 2016ರ ಏಪ್ರಿಲ್‌ನಲ್ಲಿ, ಬೇಕೆಂದೇ ಕೆಟ್ಟ ರೆಕಾರ್ಡ್‌ಗಳನ್ನು ಕಟ್ಟಿ ಕಳಿಸುವ ಟಿಎಲ್‌ಎಸ್-ಅಟ್ಯಾಕರ್ ಎಂಬ ಉಪಕರಣದಿಂದ. ಅದು ಕ್ಲೈಂಟ್ ಆಗಿ ವರ್ತಿಸುವುದರಿಂದ ಕೀ ಅದರ ಬಳಿಯೇ ಇರುತ್ತದೆ, ಅಲರ್ಟ್ 20 ಬದಲು 22 ಬಂದದ್ದು ನೇರ ಕಾಣುತ್ತದೆ.

ಇಂಥದ್ದನ್ನು ಹಿಡಿಯಲು ದೊಡ್ಡ ಫಝಿಂಗ್ (ಯಾದೃಚ್ಛಿಕ ಇನ್‌ಪುಟ್ ಸುರಿದು ಪರೀಕ್ಷಿಸುವ) ಯಂತ್ರಶಾಲೆಯೂ ಬೇಕಿಲ್ಲ. ಎಸ್‌ಎಚ್‌ಎ-1ಕ್ಕೆ ರೆಕಾರ್ಡ್ ಉದ್ದ 32ರಿಂದ 288ರವರೆಗೆ, 16ರ ಹೆಜ್ಜೆಯಲ್ಲಿ 17 ಬಗೆ. ಪ್ರತಿ ಉದ್ದಕ್ಕೂ ಪ್ಯಾಡಿಂಗ್ ಬೆಲೆ 0ಯಿಂದ 255. ಒಟ್ಟು 4,352 ರೆಕಾರ್ಡ್. ಪ್ಯಾಡಿಂಗ್ ಬೆಲೆ (ಉದ್ದ − 21) ಮೀರದಿದ್ದರೆ ಸರಿಯಾದ ಮ್ಯಾಕ್ ಇಟ್ಟು, ಮೀರಿದರೆ ಜಾಗವಿದ್ದಷ್ಟೂ ಪ್ಯಾಡಿಂಗ್ ತುಂಬಿ ಕಟ್ಟಿ. ಮೊದಲನೆಯವೆಲ್ಲ ಒಪ್ಪಿಗೆಯಾಗಬೇಕು, ಎರಡನೆಯವೆಲ್ಲ 20ನೇ ಅಲರ್ಟ್‌ನಿಂದಲೇ ತಿರಸ್ಕಾರವಾಗಬೇಕು. ಹಾಗೆಯೇ ಸರಿಯಾದವುಗಳಲ್ಲಿ ಮ್ಯಾಕ್‌ನ ಒಂದೊಂದೇ ಬೈಟ್, ಪ್ಯಾಡಿಂಗ್‌ನ ಒಂದೊಂದೇ ಬೈಟ್ ಕೆಡಿಸಿ ಮತ್ತೊಂದು ಸುತ್ತು. ಎಸ್‌ಎಚ್‌ಎ-256 ಆದರೆ 21ರ ಜಾಗದಲ್ಲಿ 33, ಉದ್ದದ ಮಿತಿಯೂ ಅದಕ್ಕೆ ತಕ್ಕಂತೆ 48ರಿಂದ 288. ಇದೇ ಕೋಷ್ಟಕವನ್ನು ಎಇಎಸ್-ಎನ್‌ಐ ಇದ್ದೂ ಇಲ್ಲದೆಯೂ ಓಡಿಸಬೇಕು. ಓಪನ್‌ಎಸ್‌ಎಸ್‌ಎಲ್‌ನಲ್ಲಿ ಎನ್ವಿರಾನ್‌ಮೆಂಟ್ ವೇರಿಯಬಲ್ ಒಂದರಿಂದ ಪ್ರೊಸೆಸರ್ ಸಾಮರ್ಥ್ಯದ ಬಿಟ್‌ಗಳನ್ನು ಮರೆಮಾಡಿ ಎರಡೂ ದಾರಿಯನ್ನು ಒಂದೇ ಯಂತ್ರದಲ್ಲಿ ಪರೀಕ್ಷಿಸಬಹುದು. ಪರೀಕ್ಷೆಗಳನ್ನು ತಾನಾಗಿ ಓಡಿಸುವ ಸಿಐ ಸರ್ವರ್‌ನ ಪ್ರೊಸೆಸರ್ ಯಾವುದೋ, ಕೋಡ್ ಯಾವ ದಾರಿ ಹಿಡಿಯಿತೋ ಎಂಬುದನ್ನು ಅದೃಷ್ಟಕ್ಕೆ ಬಿಡುವುದಲ್ಲ.

ಈಗ ಸಿಬಿಸಿ ಬರೆಯಲೇಬೇಕಾದವರಿಗೆ

ಹೊಸ ವಿನ್ಯಾಸಕ್ಕೆ ಸಿಬಿಸಿ ಬೇಡ. 2018ರ ಟಿಎಲ್‌ಎಸ್ 1.3ರಲ್ಲಿ ಅದು ಇಲ್ಲವೇ ಇಲ್ಲ, ಎನ್‌ಕ್ರಿಪ್ಷನ್ ಮತ್ತು ದೃಢೀಕರಣ ಒಂದಾಗಿರುವ ಜಿಸಿಎಂ ಥರದ ಮೋಡ್‌ಗಳು ಮಾತ್ರ ಇವೆ. ಅಲ್ಲಿ ಪ್ಯಾಡಿಂಗ್ ತಲೆನೋವಿಲ್ಲ, ಬದಲಿಗೆ ನಾನ್ಸ್ (ಒಮ್ಮೆ ಮಾತ್ರ ಬಳಸಬೇಕಾದ ಸಂಖ್ಯೆ) ತಲೆನೋವು: ಒಂದೇ ಕೀ ಜೊತೆ 96 ಬಿಟ್‌ನ ಒಂದು ನಾನ್ಸ್ ಎರಡು ಸಲ ಬಂದರೆ ಎರಡು ಸಂದೇಶಗಳ ಎಕ್ಸ್‌ಓರ್ ಹೊರಬೀಳುವುದಷ್ಟೇ ಅಲ್ಲ, ದೃಢೀಕರಣದ ಗುಟ್ಟೂ ಹೋಗುತ್ತದೆ. 2016ರಲ್ಲೇ ಅಂತರ್ಜಾಲವನ್ನು ಜಾಲಾಡಿದ ಒಂದು ಸಂಶೋಧಕ ತಂಡಕ್ಕೆ ನಾನ್ಸ್ ಮರುಬಳಸುವ 184 ಎಚ್‌ಟಿಟಿಪಿಎಸ್ ಸರ್ವರ್ ಸಿಕ್ಕವು. ಆ ತಂಡದಲ್ಲೂ ಸೊಮೊರೋವ್‌ಸ್ಕಿ ಇದ್ದರು.

ಹಳೆಯ ಸಾಧನ, ಹಳೆಯ ಫೈಲ್ ಸ್ವರೂಪ ಎಂಬ ಕಾರಣಕ್ಕೆ ಸಿಬಿಸಿ ತಪ್ಪಿಸಲಾಗದಿದ್ದರೆ ಕ್ರಮ ಬದಲಿಸಿ. ಎನ್‌ಕ್ರಿಪ್ಷನ್‌ಗೆ ಒಂದು ಕೀ, ಮ್ಯಾಕ್‌ಗೆ ಬೇರೆ ಕೀ. ಪ್ರತಿ ಸಂದೇಶಕ್ಕೂ ಮೊದಲೇ ಊಹಿಸಲಾಗದ 16 ಬೈಟ್ ಐವಿ, ಆಪರೇಟಿಂಗ್ ಸಿಸ್ಟಮ್‌ನ ಯಾದೃಚ್ಛಿಕ ಮೂಲದಿಂದ. ಕೌಂಟರ್ ಬೇಡ, ಹಿಂದಿನ ಸಂದೇಶದ ಕೊನೆಯ ಬ್ಲಾಕಂತೂ ಬೇಡವೇ ಬೇಡ, ಬೀಸ್ಟ್ ದಾಳಿ ನಿಂತಿದ್ದೇ ಅದರ ಮೇಲೆ. ಪ್ಯಾಡಿಂಗ್ ಸೇರಿಸಿ ಎನ್‌ಕ್ರಿಪ್ಟ್ ಮಾಡಿ, ಆಮೇಲೆ ಆವೃತ್ತಿ ಸಂಖ್ಯೆ, ಐವಿ, ಗೂಢಪಠ್ಯ ಎಲ್ಲದರ ಮೇಲೂ ಎಚ್‌ಮ್ಯಾಕ್. ಐವಿಯನ್ನು ಮ್ಯಾಕ್‌ನಿಂದ ಹೊರಗಿಟ್ಟರೆ ಮೊದಲ ಬ್ಲಾಕ್ ದಾಳಿಕೋರನ ಕೈಯಲ್ಲೇ ಉಳಿಯುತ್ತದೆ. ಬಿಡಿಸುವಾಗ ಉದ್ದ ಸಾಲದಿದ್ದರೆ ಅಲ್ಲೇ ನಿಲ್ಲಿಸಬಹುದು, ಉದ್ದ ಗುಟ್ಟಲ್ಲ. ನಂತರ ಮ್ಯಾಕ್ ಪರೀಕ್ಷೆ, ಮೊದಲ ತಪ್ಪು ಬೈಟಿಗೇ ನಿಲ್ಲುವ ಸಾಧಾರಣ ಮೆಮೊರಿ ಹೋಲಿಕೆ ಬಳಸದೆ, ಲೈಬ್ರರಿಯ ಸಮ ಸಮಯದ ಹೋಲಿಕೆಯಿಂದ. ಮ್ಯಾಕ್ ಸೋತರೆ ಡಿಕ್ರಿಪ್ಷನ್ ಫಂಕ್ಷನ್ ಕರೆಯಲೇಬಾರದು. ಹೀಗೆ ಮಾಡಿದರೆ ಪ್ಯಾಡಿಂಗ್ ಕೋಡಿಗೆ ತಲುಪುವುದು ಕೀ ಇದ್ದವರು ಬರೆದ ಬೈಟ್ ಮಾತ್ರ, ಮಾಸ್ಕ್‌ಗಳ ಸರ್ಕಸ್ಸೇ ಬೇಕಾಗುವುದಿಲ್ಲ.

ಟಿಎಲ್‌ಎಸ್ 1.2ರವರೆಗಿನ ಸಂಪರ್ಕಗಳಿಗೂ ಈ ಕ್ರಮ ತರುವ ಒಂದು ವಿಸ್ತರಣೆ 2014ರ ಸೆಪ್ಟೆಂಬರ್‌ನಲ್ಲಿ ಆರ್‌ಎಫ್‌ಸಿ 7366 ಎಂಬ ಅಂತರ್ಜಾಲ ಮಾನದಂಡ ದಾಖಲೆಯಾಗಿ ಬಂತು. ಓಪನ್‌ಎಸ್‌ಎಸ್‌ಎಲ್ 1.1.0ರಿಂದ ಅದು ಲಭ್ಯ. ಎರಡೂ ಕಡೆ ಅದನ್ನು ಒಪ್ಪಿಕೊಂಡರೆ ಹೊಲಿದ ಸೈಫರ್ ಆಯ್ಕೆಯಾಗುವುದೇ ಇಲ್ಲ, ಸಿಬಿಸಿ ಮತ್ತು ಎಚ್‌ಮ್ಯಾಕ್ ಬೇರೆ ಬೇರೆಯಾಗಿಯೇ ಓಡುತ್ತವೆ. ಒಪ್ಪದ ಹಳೆಯ ಕ್ಲೈಂಟ್‌ಗಳಿಗಾಗಿ ಹೊಲಿದ ಕೋಡ್ ಹಾಗೇ ಉಳಿಯಿತು. ಅದರಲ್ಲಿ ಆಮೇಲೆ ಇನ್ನೂ ಒಂದು ಬದಲಾವಣೆಯಾಯಿತು: ಪ್ಯಾಡಿಂಗ್ ಮಿತಿ ಮೀರಿದ್ದರೆ ತೀರ್ಪನ್ನು ಸೊನ್ನೆ ಮಾಡುವುದರ ಜೊತೆಗೆ, ಪ್ಯಾಡಿಂಗ್ ಬೆಲೆಯ ಜಾಗದಲ್ಲಿ ಗರಿಷ್ಠ ಬೆಲೆಯನ್ನೇ ಮಾಸ್ಕ್ ಮೂಲಕ ಕೂರಿಸಿ ಮುಂದುವರಿಯುವುದು. ತೀರ್ಪು ಸೋತ ಮೇಲೂ ಲೆಕ್ಕ ನಡೆಯುತ್ತಲೇ ಇರುವುದರಿಂದ, ಮೈನಸ್ 20ರಂಥ ಸಂಖ್ಯೆ ಇಟ್ಟುಕೊಂಡು ಪಾಯಿಂಟರ್ ಸರಿಸುವುದು ಸಿ ಭಾಷೆಯ ನಿಯಮದ ಹೊರಗಿನ ಕೆಲಸ.